ಸುಗ್ಗಿಯ ಸರಕು ಮಳೆಗಾಲ ದಾಟಲಿ: ಓದುಗರ ಪ್ರಶ್ನೆ, ನಮ್ಮ ಉತ್ತರ

ಅವರೆ, ಕೆಂಪು ಹಸಿಮೆಣಸಿನಕಾಯಿ, ನೆಲ್ಲಿ, ಹೊಸ ಬೆಲ್ಲ, ಹೊಸ ರಾಗಿ ಎಲ್ಲವೂ ಒಟ್ಟಿಗೆ ಮನೆ ಸೇರುವ ಕಾಲ ಇದು. ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ‘ಹೇಗೆ ಮಾಡುವುದು’ ಎಂದು ಕೇಳಿದ್ದಕ್ಕಿಂತ ‘ಹೋದ ವರ್ಷ ಯಾಕೆ ಕೆಟ್ಟಿತು’ ಎಂದು ಕೇಳಿದ್ದೇ ಹೆಚ್ಚು. ಒಂದೇ ಬಗೆಯ ಪ್ರಶ್ನೆಗಳನ್ನು ಸೇರಿಸಿ ಉತ್ತರಿಸಿದ್ದೇವೆ. ಚಮಚ ಎಂದಿರುವ ಕಡೆ 5 ಮಿ.ಲೀ. ಹಿಡಿಯುವ ಟೀ ಚಮಚ ಎಂದು ತಿಳಿಯಿರಿ.

ಪ್ರಶ್ನೆ: ನಮ್ಮ ಹೊಲದ ಅವರೆಯನ್ನು ಚೆನ್ನಾಗಿ ಒಣಗಿಸಿ ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಯಲ್ಲಿ ತುಂಬಿಟ್ಟಿದ್ದೆವು. ಯುಗಾದಿ ಹೊತ್ತಿಗೆ ತೆಗೆದರೆ ಕಾಳಿಗೆಲ್ಲ ತೂತು, ಡಬ್ಬಿಯ ತಳದಲ್ಲಿ ಹಿಟ್ಟು. ಅಷ್ಟು ಬಿಗಿಯಾದ ಡಬ್ಬಿಗೆ ಹುಳು ಎಲ್ಲಿಂದ ಬಂತು? ಹಿತಕಿದ ಬೇಳೆಯನ್ನೂ ಹೀಗೇ ಒಣಗಿಸಿಡಬಹುದೇ? (ಮಾಗಡಿ ತಾಲ್ಲೂಕಿನ ಗೃಹಿಣಿ)

ಉತ್ತರ: ಹುಳು ಡಬ್ಬಿಗೆ ಹೊರಗಿನಿಂದ ಬಂದದ್ದಲ್ಲ, ಹೊಲದಿಂದಲೇ ಕಾಳಿನ ಜೊತೆ ಬಂದದ್ದು. ಕಾಯಿ ಗಿಡದಲ್ಲಿ ಬಲಿತು ಒಣಗುವಾಗಲೇ ಹೆಣ್ಣು ದುಂಬಿ ಮೊಟ್ಟೆ ಇಟ್ಟಿರುತ್ತದೆ. ಕಾಳಿನ ಮೇಲೆ ಸಾಸಿವೆಗಿಂತ ಚಿಕ್ಕ ಬಿಳಿ ಚುಕ್ಕೆ ಅಂಟಿಕೊಂಡಿದ್ದರೆ ಅದೇ ಮೊಟ್ಟೆ. ಉಗುರಿನಿಂದ ಕೆರೆದರೆ ಏಳುತ್ತದೆ. ಮರಿ ಹೊರಗೆ ಬರುವುದೇ ಇಲ್ಲ, ನೇರವಾಗಿ ಕಾಳಿನೊಳಕ್ಕೆ ಕೊರೆದುಕೊಂಡು ಹೋಗಿ, ತಿಂದು ಬೆಳೆದು, ಸುಮಾರು ಒಂದು ತಿಂಗಳಲ್ಲಿ ದುಂಡನೆಯ ತೂತು ಮಾಡಿಕೊಂಡು ಈಚೆ ಬರುತ್ತದೆ. ಬಂದದ್ದು ಮತ್ತೆ ಮೊಟ್ಟೆ ಇಡುತ್ತದೆ. ಜನವರಿಯಲ್ಲಿ ನಾಲ್ಕು ಕಾಳಿನಲ್ಲಿದ್ದದ್ದು ಯುಗಾದಿಗೆ ಡಬ್ಬಿಯನ್ನೆಲ್ಲ ಕುಟ್ಟೆ ಹಿಡಿಸುವುದು ಹೀಗೆ.

ಆದ್ದರಿಂದ ಡಬ್ಬಿಗೆ ತುಂಬುವ ಮೊದಲೇ ಮೊಟ್ಟೆ, ಮರಿ ಎರಡೂ ಸಾಯಬೇಕು. ಚಳಿಗಾಲದ ಬರೀ ಬಿಸಿಲಿಗೆ ಅಷ್ಟು ಕಾವು ಇರುವುದಿಲ್ಲ. ಕಪ್ಪು ಪ್ಲಾಸ್ಟಿಕ್ ಹಾಳೆ ಹಾಸಿ ಅದರ ಮೇಲೆ ಕಾಳನ್ನು ಒಂದಿಂಚಿಗಿಂತ ದಪ್ಪವಾಗದಂತೆ ಹರಡಿ. ಮೇಲೆ ಪಾರದರ್ಶಕ ಹಾಳೆ ಹೊದೆಸಿ, ನಾಲ್ಕೂ ಅಂಚಿಗೆ ಕಲ್ಲು ಇಟ್ಟು ಗಾಳಿ ನುಗ್ಗದಂತೆ ಮಾಡಿ. ಬೆಳಿಗ್ಗೆ 11ರಿಂದ 3ರವರೆಗೆ ಹೀಗೆ ಬಿಟ್ಟರೆ ಒಳಗೆ 60 ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ಕಾವು ಏಳುತ್ತದೆ, ಹುಳು ಅದನ್ನು ತಾಳುವುದಿಲ್ಲ. ಎರಡು ದಿನ ಹೀಗೆ ಮಾಡಿ. ಕಾಳು ಮೊದಲೇ ಒಣಗಿರಬೇಕು ಎಂಬುದು ಮುಖ್ಯ. ಹಸಿಕಾಳನ್ನು ಮುಚ್ಚಿಟ್ಟರೆ ಬೆವರಿ ಬೂಸಲು ಬರುತ್ತದೆ. ಆಮೇಲೆ ನೆರಳಿನಲ್ಲಿ ಪೂರ್ತಿ ಆರಿಸಿ ತುಂಬಿ. ಬಿಸಿಯಾಗಿದ್ದಾಗಲೇ ತುಂಬಿದರೆ ಮುಚ್ಚಳದ ಒಳಮೈಯಲ್ಲಿ ನೀರು ಕೂಡುತ್ತದೆ. ಊಟಕ್ಕೆ ಇಡುವ ಕಾಳಿಗೆ ಕಿಲೋಗೆ ಒಂದು ಚಮಚದಷ್ಟು ಹರಳೆಣ್ಣೆ ಹಚ್ಚಿ ಅಂಗೈಯಲ್ಲಿ ತಿಕ್ಕುವುದೂ ಒಳ್ಳೆಯದೇ. ಎಣ್ಣೆಯ ಪದರ ಮೊಟ್ಟೆಗೆ ಉಸಿರಾಡಲು ಬಿಡುವುದಿಲ್ಲ. ಪೇಟೆಯವರು ಎರಡು ಮೂರು ಕಿಲೋ ಕಾಳನ್ನು ಚೀಲದಲ್ಲಿ ಕಟ್ಟಿ ಒಂದು ವಾರ ಫ್ರೀಜರಿನಲ್ಲಿಟ್ಟು ತೆಗೆದರೂ ಸಾಕು. ತೆಗೆದ ಮೇಲೆ ಚೀಲ ಬಿಚ್ಚದೆ ಒಂದು ದಿನ ಹೊರಗೆ ಬಿಡಿ, ಇಲ್ಲವಾದರೆ ತಣ್ಣನೆ ಕಾಳಿನ ಮೇಲೆ ನೀರು ಹನಿಯುತ್ತದೆ.

ಹಿತಕಿದ ಬೇಳೆಗೆ ಈ ಹುಳದ ಕಾಟ ಬಹುಪಾಲು ಇಲ್ಲ, ಅದಕ್ಕೆ ಇಡೀ ಕಾಳೇ ಬೇಕು. ಬೇಳೆ ಕೆಡುವುದು ಬೇರೆ ಕಾರಣಕ್ಕೆ. ಅವರೆಕಾಳನ್ನು ರಾತ್ರಿ ನೆನೆಹಾಕಿ ಬೆಳಿಗ್ಗೆ ಹಿತಕಿದ ಮೇಲೆ ಹೆಚ್ಚು ಹೊತ್ತು ಹಾಗೇ ಬಿಟ್ಟರೆ ಬಣ್ಣ ಕಂದುತ್ತದೆ, ಒಣಗಿದ ಮೇಲೆ ಒಂದು ಬಗೆಯ ಹಸಿ ವಾಸನೆ ಉಳಿಯುತ್ತದೆ. ಇದಕ್ಕೆ ಉಪಾಯ: ದೊಡ್ಡ ಪಾತ್ರೆಯಲ್ಲಿ ನೀರು ಕುದಿಸಿ, ಬಟ್ಟೆಯಲ್ಲಿ ಕಟ್ಟಿದ ಬೇಳೆಯನ್ನು 2 ನಿಮಿಷ ಅದ್ದಿ, ಕೂಡಲೇ ತಣ್ಣೀರಿಗೆ ಹಾಕಿ ಬಸಿಯಿರಿ. ಪಂಚೆಯ ಮೇಲೆ ಒಂದರ ಮೇಲೊಂದು ಬೀಳದಂತೆ ಹರಡಿ. ಸಂಜೆ 4 ಗಂಟೆಗೆ ಒಳಗೆ ತಂದುಬಿಡಿ. ಅವರೆಯ ಸೊಗಡಿಗೆ ಇಬ್ಬನಿ ಬೇಕು ಅನ್ನುತ್ತಾರೆ, ಅದು ಗಿಡದಲ್ಲಿರುವಾಗಿನ ಮಾತು. ಹರಡಿದ ಬೇಳೆಗೆ ಅದೇ ಇಬ್ಬನಿ ಶತ್ರು. ಮೂರು ನಾಲ್ಕು ದಿನ ಒಣಗಿದ ಬೇಳೆಯನ್ನು ಕಲ್ಲಿನ ಮೇಲಿಟ್ಟು ಕುಟ್ಟಿದರೆ ಚೂರುಚೂರಾಗಬೇಕು. ಚಪ್ಪಟೆಯಾದರೆ ಇನ್ನೂ ಒಂದು ದಿನ.

ಹಸಿಕಾಳನ್ನೇ ಫ್ರೀಜರಿನಲ್ಲಿ ಇಡುವವರೂ ಹೀಗೆಯೇ 2 ನಿಮಿಷ ಕುದಿನೀರಿನಲ್ಲಿ ಅದ್ದಿ, ತಣಿಸಿ, ನೀರಾರಿಸಿ ಇಡಬೇಕು. ಒಂದೇ ಬಾಗಿಲಿನ ಫ್ರಿಜ್ಜಿನ ಮೇಲಿನ ಐಸ್ ಪೆಟ್ಟಿಗೆಯಲ್ಲಿ ಸಾಕಷ್ಟು ಚಳಿ ಇರುವುದಿಲ್ಲ, ಅಲ್ಲಿಟ್ಟದ್ದನ್ನು ತಿಂಗಳೊಳಗೆ ಮುಗಿಸಿ.

ಪ್ರಶ್ನೆ: ರಂಜಕ (ಕೆಂಪು ಹಸಿಮೆಣಸಿನಕಾಯಿ ಚಟ್ನಿ) ಮಾಡಿ ವಾರ ಆಗೂದರಾಗ ಮ್ಯಾಲೆ ಬಿಳಿ ಪದರ ಬಂತು, ಒಳಗ ಬುರುಗು ಏಳಾಕತ್ತೈತಿ. ಚೆಲ್ಲಬೇಕೋ, ಉಳಿಸಿಕೊಳ್ಳಬಹುದೋ? ನಮ್ಮವ್ವ ಮಾಡತಿದ್ದಾಗ ವರ್ಷಗಟ್ಟಲೆ ಕೆಡತಿರಲಿಲ್ಲ. (ಹಾವೇರಿ ಜಿಲ್ಲೆಯ ಓದುಗರು)

ಉತ್ತರ: ಬುರುಗಿಗೆ ಹೆದರಬೇಡಿ. ಕೆಂಪು ಹಸಿಮೆಣಸಿನಕಾಯಿಗೆ ಉಪ್ಪು ಬಿದ್ದ ಮೇಲೆ ಮೊದಲ ವಾರ ಅದು ಹುಳಿಯುತ್ತದೆ, ಗಾಳಿಗುಳ್ಳೆ ಏಳುವುದು ಸಹಜ. ಆ ಹುಳಿಯೇ ಮುಂದೆ ಅದನ್ನು ಕಾಯುವುದು. ಬಿಳಿ ಪದರ ಮಾತ್ರ ಯಾವ ಬಗೆಯದು ಎಂದು ಬೆಳಕಿನಲ್ಲಿ ನೋಡಿ. ತೆಳ್ಳಗೆ, ಚಪ್ಪಟೆಯಾಗಿ, ಹಾಲಿನ ಕೆನೆ ಸುಕ್ಕುಗಟ್ಟಿದಂತೆ ಇದ್ದು ಹುಳಿ ವಾಸನೆ ಮಾತ್ರ ಇದ್ದರೆ ಅದು ಕಾಡು ಯೀಸ್ಟ್. ಅಪಾಯವಿಲ್ಲ, ರುಚಿ ಕೆಡಿಸುತ್ತದೆ ಅಷ್ಟೆ. ಮೇಲಿನ ಒಂದು ಬೆರಳು ದಪ್ಪ ತೆಗೆದುಹಾಕಿ, ಉಳಿದದ್ದಕ್ಕೆ ಕಿಲೋಗೆ 30 ಗ್ರಾಂ ಉಪ್ಪು, ಎರಡು ಮೂರು ನಿಂಬೆಹಣ್ಣಿನ ರಸ ಬೆರೆಸಿ ಬೇರೆ ಒಣ ಭರಣಿಗೆ ಹಾಕಿ. ಪದರದ ಮೇಲೆ ಹತ್ತಿಯಂತೆ ಕೂದಲೆದ್ದಿದ್ದರೆ, ಹಸಿರು, ಕಪ್ಪು, ಗುಲಾಬಿ ಬಣ್ಣವಿದ್ದರೆ ಅದು ಬೂಸಲು. ಆಗ ಮೇಲಿನದನ್ನಷ್ಟೇ ತೆಗೆದು ಉಳಿದದ್ದನ್ನು ತಿನ್ನುವ ಆಸೆ ಬೇಡ, ಭರಣಿಯಲ್ಲಿರುವುದನ್ನೆಲ್ಲ ಚೆಲ್ಲಿ. ಬೂಸಲಿನ ಬೇರು ಕಣ್ಣಿಗೆ ಕಾಣದಷ್ಟು ಆಳ ಇಳಿದಿರುತ್ತದೆ.

ಪದರ ಬರುವುದಕ್ಕೆ ಕಾರಣ ಮೂರು: ಉಪ್ಪು ಕಡಿಮೆ, ನೀರು ಸೇರಿದ್ದು, ಮೇಲೆ ಗಾಳಿ ಆಡಿದ್ದು. ಈಚೆಗೆ ‘ಬಿ.ಪಿ. ಐತಿ’ ಎಂದು ಮಾಡುವಾಗಲೇ ಉಪ್ಪು ಇಳಿಸುವವರು ಹೆಚ್ಚು. ಉಪ್ಪು ಕಡಿಮೆ ತಿನ್ನಬೇಕಾದವರು ತಟ್ಟೆಗೆ ರಂಜಕ ಕಡಿಮೆ ಬಡಿಸಿಕೊಳ್ಳಬೇಕೇ ಹೊರತು ಭರಣಿಯ ಉಪ್ಪಿಗೆ ಕೈ ಹಚ್ಚಬಾರದು. ತೊಟ್ಟು ತೆಗೆದ ಮೇಲೆ ತೂಗಿದ 1 ಕೆ.ಜಿ. ಮೆಣಸಿನಕಾಯಿಗೆ 180ರಿಂದ 200 ಗ್ರಾಂ ಉಪ್ಪು ಬೇಕೇ ಬೇಕು.

ನೀರು ಸೇರುವುದು ತೊಟ್ಟಿನ ಜಾಗದಿಂದ. ಕಾಯಿಯನ್ನು ತೊಟ್ಟು ಇರುವಾಗಲೇ ತೊಳೆದು, ಬಟ್ಟೆಯಲ್ಲಿ ಒರೆಸಿ, ನೆರಳಿನಲ್ಲಿ ಒಂದು ದಿನ ಹರಡಿ, ಆಮೇಲೆ ತೊಟ್ಟು ಮುರಿಯಬೇಕು. ತೊಟ್ಟು ಮುರಿದು ತೊಳೆದರೆ ಕಾಯಿಯ ಟೊಳ್ಳಿನಲ್ಲಿ ನೀರು ನಿಲ್ಲುತ್ತದೆ, ಎಷ್ಟು ಒರೆಸಿದರೂ ಬರುವುದಿಲ್ಲ. ಕೊಳೆತ ತುದಿ, ಕಪ್ಪಾದ ಬೀಜ ಇರುವ ಕಾಯಿಯನ್ನು ಸೀಳಿ ನೋಡಿಯೇ ಬಿಡಿ.

ಅಳತೆ ಹೀಗೆ: 1 ಕೆ.ಜಿ. ಕಾಯಿ, 180 ಗ್ರಾಂ ಕಲ್ಲುಪ್ಪು, ಬೀಜ ನಾರು ತೆಗೆದ ಹುಣಸೆಹಣ್ಣು 100 ಗ್ರಾಂ, ಬೆಳ್ಳುಳ್ಳಿ 50 ಗ್ರಾಂ, ಹುರಿದು ಪುಡಿ ಮಾಡಿದ ಮೆಂತ್ಯ 15 ಗ್ರಾಂ, ಇಂಗು ಅರ್ಧ ಚಮಚ. ಕಾಯಿ ಮತ್ತು ಉಪ್ಪನ್ನು ತರಿತರಿಯಾಗಿ ರುಬ್ಬಿ, ಒಣ ಹುಣಸೆಯನ್ನು ನಡುನಡುವೆ ಪದರವಾಗಿ ಇಟ್ಟು ಒತ್ತಿ ತುಂಬಿ. ಭರಣಿಯ ಮುಕ್ಕಾಲು ಭಾಗ ಮಾತ್ರ ತುಂಬಬೇಕು, ಬುರುಗು ಎದ್ದಾಗ ಉಕ್ಕಿ ಹೊರಬರುತ್ತದೆ. ಬಾಯಿಗೆ ಬಟ್ಟೆ ಕಟ್ಟಿ, ದಿನಕ್ಕೊಮ್ಮೆ ಒಣ ಸೌಟಿನಿಂದ ಮೇಲೆ ಕೆಳಗೆ ಮಾಡಿ. ನಾಲ್ಕನೆಯ ದಿನ ಹುಣಸೆ ಮೆತ್ತಗಾಗಿರುತ್ತದೆ. ಆಗ ಬೆಳ್ಳುಳ್ಳಿ, ಮೆಂತ್ಯ ಸೇರಿಸಿ ನುಣ್ಣಗೆ ರುಬ್ಬಿ ಚಿಕ್ಕ ಚಿಕ್ಕ ಬಾಟಲಿಗೆ ಹಾಕಿ. ಇಂಗು ಸಾಸಿವೆಯ ಒಗ್ಗರಣೆ ಪೂರ್ತಿ ತಣ್ಣಗಾದ ಮೇಲೆ ಅರ್ಧ ಇಂಚು ಎಣ್ಣೆ ನಿಲ್ಲುವಂತೆ ಸುರಿಯಿರಿ. ದೊಡ್ಡ ಭರಣಿಯಿಂದ ದಿನಾ ತೆಗೆಯುವ ರೂಢಿಯೇ ಅರ್ಧ ಕೆಡುಕಿಗೆ ಮೂಲ.

ಬ್ಯಾಡಗಿ ಮೆಣಸಿನಕಾಯಿಯ ಡಬ್ಬಿ, ಕಡ್ಡಿ ಎಂಬ ಎರಡೂ ಬಗೆ ಬಣ್ಣ ಕೊಡುತ್ತವೆ, ಖಾರ ಕಡಿಮೆ. ಖಾರ ಬೇಕಿದ್ದರೆ ಗುಂಟೂರು ಜಾತಿಯ ಕಾಯಿಯನ್ನು ಕಾಲು ಭಾಗ ಬೆರೆಸಿಕೊಳ್ಳಿ. ಕೈ ಉರಿಗೆ ನೀರು ಉಪಯೋಗವಿಲ್ಲ, ಖಾರ ಕರಗುವುದು ಎಣ್ಣೆಯಲ್ಲಿ: ಮೊದಲು ಎಣ್ಣೆ ತಿಕ್ಕಿ, ಆಮೇಲೆ ಸಾಬೂನು.

ಇಲ್ಲಿ ಬೆಳ್ಳುಳ್ಳಿ ಸುರಕ್ಷಿತವಾಗಿರುವುದು ಉಪ್ಪು, ಹುಳಿ ಎರಡೂ ಇರುವುದರಿಂದ. ಹಸಿ ಬೆಳ್ಳುಳ್ಳಿಯನ್ನು ಬರೀ ಎಣ್ಣೆಯಲ್ಲಿ ಮುಳುಗಿಸಿ ಹೊರಗಿಡುವುದು ಬೇರೆಯೇ ಮಾತು, ಅದನ್ನು ಮಾಡಲೇಬಾರದು. ಏಕೆಂಬುದು ಮುಂದಿನ ಉತ್ತರದಲ್ಲಿದೆ.

ಪ್ರಶ್ನೆ: ಟೊಮೆಟೊ ರೇಟು ಬಿದ್ದುಹೋಗಿ ಕೀಳುವ ಕೂಲಿಯೂ ಗಿಟ್ಟಲಿಲ್ಲ. ಹಣ್ಣು ಬೇಯಿಸಿ, ರುಬ್ಬಿ, ಹಳೆಯ ಜಾಮ್ ಬಾಟಲಿಗಳಿಗೆ ಬಿಸಿಬಿಸಿಯಾಗಿ ತುಂಬಿ ಮುಚ್ಚಿಟ್ಟೆವು. ತಿಂಗಳಲ್ಲಿ ಕೆಲವು ಮುಚ್ಚಳ ಉಬ್ಬಿವೆ. ಮತ್ತೆ ಕುದಿಸಿ ಬಳಸಬಹುದೇ? ಹೀಗೇ ಅವರೆಕಾಳು, ಬೀನ್ಸ್ ಕೂಡ ಬಾಟಲಿಗೆ ಹಾಕಿಡುವ ಯೋಚನೆ ಇದೆ. (ಕೋಲಾರ ಜಿಲ್ಲೆಯ ರೈತ ಕುಟುಂಬ)

ಉತ್ತರ: ಉಬ್ಬಿದ್ದನ್ನು ಬಳಸಬೇಡಿ. ರುಚಿ ನೋಡುವುದೂ ಬೇಡ. ದನಕ್ಕೂ ಹಾಕದೆ ಗುಂಡಿ ತೋಡಿ ಮುಚ್ಚಿ. ಮುಚ್ಚಳ ಉಬ್ಬಿದೆ ಎಂದರೆ ಒಳಗೆ ಏನೋ ಬೆಳೆದು ಗಾಳಿ ಬಿಟ್ಟಿದೆ.

ಕಾರಣ ಇಷ್ಟು. ಬಿಸಿಯಾಗಿ ತುಂಬಿದ ಮಾತ್ರಕ್ಕೆ ಬಾಟಲಿಯ ಒಳಗೋಡೆ, ಮುಚ್ಚಳ, ಮೇಲಿನ ಖಾಲಿ ಜಾಗ ಶುದ್ಧವಾಗುವುದಿಲ್ಲ. ತುಂಬಿ ಮುಚ್ಚಿದ ಮೇಲೆ ಬಾಟಲಿ ಸಮೇತ ಕುದಿಸಬೇಕು. ಎರಡನೆಯದು ಹುಳಿ. ಗಾಳಿಯಿಲ್ಲದ ಕಡೆ ಬೆಳೆದು ನರಗಳನ್ನೇ ನಿಶ್ಚೇಷ್ಟ ಮಾಡುವ ವಿಷ ಉಂಟುಮಾಡುವ ಬೊಟುಲಿನಮ್ ಎಂಬ ಸೂಕ್ಷ್ಮಾಣು ಮಣ್ಣಿನಲ್ಲೇ ಇರುತ್ತದೆ. ಅದರ ಬೀಜಕಣ ಕುದಿಯುವ ನೀರಿಗೆ ಸಾಯುವುದಿಲ್ಲ, ಆದರೆ ಪಿ.ಎಚ್. 4.6ಕ್ಕಿಂತ ಕೆಳಗಿದ್ದರೆ, ಅಂದರೆ ಸಾಕಷ್ಟು ಹುಳಿಯಿದ್ದರೆ, ಮೊಳೆಯುವುದಿಲ್ಲ. ಟೊಮೆಟೊ ಈ ಗೆರೆಯ ಮೇಲೆಯೇ ಓಲಾಡುವ ಹಣ್ಣು. ಅತಿ ಕಳಿತದ್ದು ಗೆರೆ ದಾಟಿರುತ್ತದೆ. ನಾಲಿಗೆಗೆ ಹುಳಿ ಅನ್ನಿಸಿತೆಂದು ನಂಬುವಂತಿಲ್ಲ, ಹೊರಗಿನಿಂದ ಹುಳಿ ಸೇರಿಸಲೇಬೇಕು.

ಮಾಡುವ ಕ್ರಮ: ಗಟ್ಟಿಯಾದ, ಬಿರುಕಿಲ್ಲದ ಹಣ್ಣನ್ನು ಕುದಿನೀರಿನಲ್ಲಿ ಒಂದು ನಿಮಿಷ ಅದ್ದಿ ಸಿಪ್ಪೆ ಸುಲಿಯಿರಿ. ಹಿಚುಕಿ, ನೀರು ಸೇರಿಸದೆ, 5 ನಿಮಿಷ ಕುದಿಸಿ. ಅರ್ಧ ಲೀಟರಿನ ಬಾಟಲಿಗೆ ಕಾಲು ಚಮಚ ಸಿಟ್ರಿಕ್ ಆಮ್ಲ (ಅಂಗಡಿಯಲ್ಲಿ ನಿಂಬೆ ಉಪ್ಪು ಎಂದು ಕೊಡುತ್ತಾರೆ), ಲೀಟರಿನದಕ್ಕೆ ಅರ್ಧ ಚಮಚ ಹಾಕಿ, ಮೇಲೆ ಅರ್ಧ ಇಂಚು ಬಿಟ್ಟು ತುಂಬಿ. ಗುಳ್ಳೆ ಹೋಗುವಂತೆ ಚಮಚದ ಹಿಡಿಯಿಂದ ಅಂಚಿನಲ್ಲಿ ಆಡಿಸಿ, ಬಾಟಲಿಯ ಬಾಯಿ ಒರೆಸಿ, ಹೊಸ ಮುಚ್ಚಳ ಹಾಕಿ. ಜಾಮ್ ಬಾಟಲಿಯ ಹಳೆಯ ಮುಚ್ಚಳದ ಒಳಗಿನ ರಬ್ಬರ್ ಪದರದಲ್ಲಿ ಮೊದಲ ಸಲದ ಹಳ್ಳ ಬಿದ್ದಿರುತ್ತದೆ, ಎರಡನೆಯ ಸಲ ಬಿಗಿ ಕೂರುವುದಿಲ್ಲ. ದೊಡ್ಡ ಹಂಡೆಯ ತಳಕ್ಕೆ ದಪ್ಪ ಬಟ್ಟೆ ಹಾಸಿ ಬಾಟಲಿ ನಿಲ್ಲಿಸಿ, ಮುಚ್ಚಳದ ಮೇಲೆ ಒಂದಿಂಚು ಬಿಸಿನೀರು ನಿಲ್ಲಬೇಕು. ಬಿಸಿ ಬಾಟಲಿಯನ್ನು ತಣ್ಣೀರಿಗೆ ಇಟ್ಟರೆ ತಳ ಕಳಚಿ ಬೀಳುತ್ತದೆ.

ಸಮಯವನ್ನು ಎಣಿಸುವುದು ನೀರು ಕೊತಕೊತ ಕುದಿಯಲು ಶುರುವಾದ ಮೇಲೆ. ಮಂಗಳೂರು, ಕಾರವಾರದ ಮಟ್ಟದಲ್ಲಿ ಅರ್ಧ ಲೀಟರಿಗೆ 35 ನಿಮಿಷ, ಲೀಟರಿಗೆ 45. ಮೈಸೂರು, ಕೋಲಾರದಂಥ 300ರಿಂದ 900 ಮೀಟರ್ ಎತ್ತರದ ಊರಿನಲ್ಲಿ 40 ಮತ್ತು 50. ಬೆಂಗಳೂರು, ಹಾಸನ, ಮಡಿಕೇರಿಯಲ್ಲಿ 45 ಮತ್ತು 55. ಎತ್ತರ ಹೆಚ್ಚಿದಂತೆ ನೀರು ಕಡಿಮೆ ಬಿಸಿಗೇ ಕುದಿಯುತ್ತದೆ, ಬೆಂಗಳೂರಿನಲ್ಲಿ ಸುಮಾರು 97 ಡಿಗ್ರಿಗೆ. ಅದಕ್ಕೇ ಈ ಹೆಚ್ಚುವರಿ ನಿಮಿಷಗಳು. ಮರುದಿನ ಮುಚ್ಚಳದ ನಡುಭಾಗ ಒಳಕ್ಕೆ ತಗ್ಗಿರಬೇಕು. ಒತ್ತಿದರೆ ಟಕ್ ಎಂದರೆ ಆ ಬಾಟಲಿ ಬಿಗಿಯಾಗಿಲ್ಲ, ಫ್ರಿಜ್ಜಿಗಿಟ್ಟು ವಾರದಲ್ಲಿ ಮುಗಿಸಿ.

ಅವರೆಕಾಳು, ಬೀನ್ಸ್, ಬಟಾಣಿ, ಮುಸುಕಿನ ಜೋಳಕ್ಕೆ ಈ ವಿಧಾನ ಸಲ್ಲದು. ಅವುಗಳಲ್ಲಿ ಹುಳಿಯೇ ಇಲ್ಲ. ಕಾರ್ಖಾನೆಗಳಲ್ಲಿ 121 ಡಿಗ್ರಿಯ ಒತ್ತಡದ ಹಬೆಯಲ್ಲಿ ಲೆಕ್ಕ ಹಾಕಿ ಬೇಯಿಸುತ್ತಾರೆ. ಮನೆಯ ಕುಕ್ಕರಿನಲ್ಲಿ ನಾಲ್ಕು ಸೀಟಿ ಹೊಡೆಸಿದರೆ ಅದೇ ಆಯಿತಲ್ಲ ಎಂದು ಇನ್ನೂ ಇಬ್ಬರು ಬರೆದಿದ್ದಾರೆ. ಆಗಲಿಲ್ಲ. ಚಿಕ್ಕ ಕುಕ್ಕರ್ ಬೇಗ ಕಾದು ಬೇಗ ತಣಿಯುತ್ತದೆ, ಬಾಟಲಿಯ ನಡುಭಾಗಕ್ಕೆ ಅಷ್ಟು ಕಾವು ಅಷ್ಟು ಹೊತ್ತು ಮುಟ್ಟಿತೇ ಎಂದು ಅಳೆಯುವ ದಾರಿಯಿಲ್ಲ. ಬೊಟುಲಿನಮ್ ವಿಷವಿದ್ದರೂ ಎಷ್ಟೋ ಸಲ ಬಣ್ಣ ವಾಸನೆ ಬದಲಾಗಿರುವುದಿಲ್ಲ. ಕಾಳನ್ನು ಒಣಗಿಸಿ, ಅಷ್ಟು ಸಾಕು.

ನಿಜ ಹೇಳಬೇಕೆಂದರೆ ಟೊಮೆಟೊವನ್ನೂ ಒಣಗಿಸುವುದೇ ಅಗ್ಗ. ಬಾಟಲಿಯ ಖರ್ಚಿಲ್ಲ, ಗ್ಯಾಸ್ ಖರ್ಚಿಲ್ಲ. ಕಾಲು ಇಂಚು ದಪ್ಪದ ಬಿಲ್ಲೆ ಮಾಡಿ, ಕಿಲೋಗೆ ಎರಡು ಚಮಚ ಉಪ್ಪು ಉದುರಿಸಿ, ಸೊಳ್ಳೆಪರದೆ ಬಿಗಿದ ಚೌಕಟ್ಟಿನ ಮೇಲೆ ಹರಡಿ ಮೇಲೊಂದು ಪರದೆ ಮುಚ್ಚಿ. ಅಡಿಯಿಂದಲೂ ಗಾಳಿ ಆಡಬೇಕು, ಆದ್ದರಿಂದ ಇಟ್ಟಿಗೆ ಮೇಲಿಡಿ. ಕಿಲೋ ಹಣ್ಣಿಗೆ 60ರಿಂದ 70 ಗ್ರಾಂ ಒಣ ಬಿಲ್ಲೆ ಸಿಗುತ್ತದೆ. ಪುಡಿ ಮಾಡಿಟ್ಟರೆ ತೇವ ಹೀರಿ ಗಂಟು ಕಟ್ಟುತ್ತದೆ. ಬಿಲ್ಲೆಯಾಗಿಯೇ ಇಟ್ಟು ಸಾರಿಗೆ ಬೇಕಾದಾಗ ಪುಡಿ ಮಾಡಿ.

ಪ್ರಶ್ನೆ: ಆಲೆಮನೆಯಿಂದ ತಂದ ಜೋನಿ ಬೆಲ್ಲ (ದ್ರವ ಬೆಲ್ಲ) ಜೂನ್ ಬರುತ್ತಲೇ ನೊರೆಯೆದ್ದು ಹುಳಿಯಾಗುತ್ತದೆ. ತಳದಲ್ಲಿ ಹರಳು ಕೂರುತ್ತದೆ. ಕಲಬೆರಕೆಯೇ? (ಸಾಗರದ ಓದುಗರು)

ಉತ್ತರ: ಹರಳು ಕೂತದ್ದು ಕಲಬೆರಕೆಯ ಗುರುತಲ್ಲ. ಕಬ್ಬಿನ ಸಕ್ಕರೆಯೇ ನಿಧಾನವಾಗಿ ಹರಳಾಗುತ್ತದೆ, ಕಲಕಿ ತಿನ್ನಿ. ನೊರೆ ಬಂದದ್ದು ಪಾಕ ಇನ್ನೂ ಎಳೆಯದಾಗಿದ್ದಾಗಲೇ ಇಳಿಸಿದ್ದಕ್ಕೆ: ನೀರು ಹೆಚ್ಚು ಉಳಿದರೆ ಯೀಸ್ಟ್ ಬದುಕುತ್ತದೆ. ಜೋನಿಯನ್ನು ಇಳಿಸುವ ಹದ ನೀರಿನ ಕುದಿಗಿಂತ 5–6 ಡಿಗ್ರಿ ಮೇಲೆ, ಅಂದರೆ 105 ಡಿಗ್ರಿ ಆಸುಪಾಸು. ಅಚ್ಚುಬೆಲ್ಲಕ್ಕೆ 118ರವರೆಗೆ ಹೋಗುತ್ತಾರೆ. ಮನೆಗೆ ತಂದದ್ದು ತೆಳ್ಳಗಿದ್ದರೆ ಅಂದೇ ದಪ್ಪ ತಳದ ಪಾತ್ರೆಯಲ್ಲಿ ಮತ್ತೆ ಕಾಸಿ, ನೊರೆ ತೆಗೆದು, ಬಿಸಿಯಾಗಿಯೇ ಒಣ ಬಾಟಲಿಗಳಿಗೆ ಕಂಠದವರೆಗೆ ತುಂಬಿ. ಹರಳು ಬೇಡವಾದರೆ ಕಾಸುವಾಗ 10 ಕೆ.ಜಿ.ಗೆ 4 ಗ್ರಾಂ ಸಿಟ್ರಿಕ್ ಆಮ್ಲ ಹಾಕಬಹುದು. ಬಾಟಲಿಯೊಳಗೆ ಒದ್ದೆ ಚಮಚ ಹೋಯಿತೆಂದರೆ ಆ ಮೇಲ್ಪದರದಲ್ಲೇ ಹುಳಿ ಶುರು. ಈಗಾಗಲೇ ಹೆಂಡದ ವಾಸನೆ ಹಿಡಿದಿದ್ದರೆ ಅಡಿಗೆಗೆ ಬೇಡ, ತೋಟದ ಜೀವಾಮೃತಕ್ಕೆ (ದ್ರವಗೊಬ್ಬರ) ಬಳಸಿ. 200 ಲೀಟರಿನ ಡ್ರಮ್ಮಿಗೆ 2 ಕೆ.ಜಿ. ಬೆಲ್ಲ ಹೇಗೂ ಬೇಕು.

ಪ್ರಶ್ನೆ: ರಾಗಿ ಹಿಟ್ಟು ತಿಂಗಳಿಗೇ ಕಹಿಯಾಗುತ್ತದೆ. ರಾಗಿ ಮಾತ್ರ ವರ್ಷಗಟ್ಟಲೆ ಕೆಡುವುದಿಲ್ಲವಲ್ಲ? ಹಳೆಯ ಹಗೇವು (ಧಾನ್ಯ ತುಂಬಿಡುವ ನೆಲದೊಳಗಿನ ಗುಂಡಿ) ಇದೆ, ಮತ್ತೆ ಬಳಸಬಹುದೇ? (ತುಮಕೂರು ಜಿಲ್ಲೆ)

ಉತ್ತರ: ರಾಗಿಯ ತವುಡು, ಮೊಳಕೆಯ ಭಾಗದಲ್ಲಿ ಸ್ವಲ್ಪ ಜಿಡ್ಡಿದೆ. ಬೀಸಿದ ಕೂಡಲೇ ಅದಕ್ಕೆ ಗಾಳಿ ತಾಗಿ ಕನರು ಹಿಡಿಯುತ್ತದೆ. ಇಡೀ ಕಾಳಿನಲ್ಲಿ ಅದು ಸಿಪ್ಪೆಯೊಳಗೆ ಭದ್ರ. ಕಾಳು ಚಿಕ್ಕದಾದ್ದರಿಂದ ನಡುವೆ ಹುಳು ಓಡಾಡಲೂ ಜಾಗ ಸಾಲದು. ಹಾಗಾಗಿ 15–20 ದಿನಕ್ಕಾಗುವಷ್ಟೇ ಬೀಸಿಸಿ, ಮಿಲ್ಲಿನಿಂದ ತಂದ ಹಿಟ್ಟನ್ನು ಹರಡಿ ಕಾವು ಆರಿದ ಮೇಲೆಯೇ ಡಬ್ಬಿಗೆ ಹಾಕಿ.

ಹಗೇವಿಗೆ ನೆಲದ ತೇವ ಬರುತ್ತಿಲ್ಲವೆಂದು ಖಾತ್ರಿಯಾದರೆ ಬಳಸಬಹುದು. ಕೊಳವೆಬಾವಿ, ಕಾಲುವೆ, ಚರಂಡಿ ಹತ್ತಿರ ಬಂದಿರುವ ಊರುಗಳಲ್ಲಿ ಹಳೆಯ ಹಗೇವು ಒಣಗಿರುತ್ತದೆ ಎಂದು ನಂಬಬೇಡಿ. ಒಣಹುಲ್ಲಿನ ಹೊರೆ ಹಾಕಿ ಹದಿನೈದು ದಿನ ಮುಚ್ಚಿ ತೆಗೆದು ನೋಡಿ. ಅದಕ್ಕಿಂತ ದೊಡ್ಡ ಮಾತು ಇಳಿಯುವುದು. ಧಾನ್ಯ ಉಸಿರಾಡಿ ಒಳಗಿನ ಆಮ್ಲಜನಕವನ್ನು ಮುಗಿಸಿರುತ್ತದೆ. ಬಾಯಿ ತೆರೆದು ಒಂದು ಇಡೀ ದಿನ ಬಿಡಿ, ಇಳಿಯುವವರ ಸೊಂಟಕ್ಕೆ ಹಗ್ಗ ಕಟ್ಟಿ, ಮೇಲೆ ಇಬ್ಬರಿರಲಿ. ಒಳಗೆ ಇಳಿಬಿಟ್ಟ ದೀಪ ಆರಿತೆಂದರೆ ಇಳಿಯಲೇಬಾರದು, ಆದರೆ ದೀಪ ಉರಿಯಿತೆಂದ ಮಾತ್ರಕ್ಕೆ ಸುರಕ್ಷಿತವೂ ಅಲ್ಲ. ಒಳಗೆ ಬಿದ್ದವರನ್ನು ಎತ್ತಲು ಇನ್ನೊಬ್ಬರು ಹಾರಿದಾಗಲೇ ಒಂದು ಸಾವು ಎರಡಾಗುವುದು.

ಪ್ರಶ್ನೆ: ಮಜ್ಜಿಗೆ ಮೆಣಸು ಮಾಡುವಾಗ ಮೂರು ದಿನ ಮೋಡ ಕವಿಯಿತು. ಮೆಣಸಿನ ಒಳಗೆ ಕಪ್ಪು ಬೂಸಲು. ಉಳಿಸುವುದು ಹೇಗೆ? (ಬೆಂಗಳೂರಿನ ಓದುಗರು)

ಉತ್ತರ: ಬೂಸಲು ಬಂದದ್ದನ್ನು ಬಿಡಿ. ಮುಂದಿನ ಸಲಕ್ಕೆ: 1 ಕೆ.ಜಿ. ದಪ್ಪ ಹಸಿಮೆಣಸಿಗೆ ತುದಿಯಿಂದ ತೊಟ್ಟಿನ ಬುಡದವರೆಗೆ ಉದ್ದಕ್ಕೆ ಒಂದು ಸೀಳು ಹಾಕಿ, ಎರಡು ಹೋಳಾಗಬಾರದು. ಬರೀ ಸೂಜಿಯಿಂದ ಚುಚ್ಚಿದರೆ ಮಜ್ಜಿಗೆ ಒಳಗಿಳಿಯುವುದಿಲ್ಲ, ಬೂಸಲು ಮೊದಲು ಹತ್ತುವುದು ಅಲ್ಲೇ. 1 ಲೀಟರ್ ಗಟ್ಟಿ ಹುಳಿಮಜ್ಜಿಗೆ, 120 ಗ್ರಾಂ ಉಪ್ಪು, 3 ಚಮಚ ಮೆಂತ್ಯದ ಪುಡಿ, ಅರ್ಧ ಚಮಚ ಇಂಗು. ರಾತ್ರಿ ಮಜ್ಜಿಗೆಯಲ್ಲಿ, ಹಗಲು ಬಿಸಿಲಿನಲ್ಲಿ. ಸಂಜೆ ಮತ್ತೆ ಅದೇ ಮಜ್ಜಿಗೆಗೆ. ಮೂರು ನಾಲ್ಕು ದಿನದಲ್ಲಿ ಮಜ್ಜಿಗೆ ಇಂಗುತ್ತದೆ, ಆಮೇಲೆ ಬರೀ ಒಣಗಿಸುವುದು. ಮೋಡ ಬಂದ ದಿನ ಹರಡಿಡುವುದಕ್ಕಿಂತ ಮಜ್ಜಿಗೆಯಲ್ಲೇ ಮುಳುಗಿಸಿ ಫ್ರಿಜ್ಜಿನಲ್ಲಿ ಬಿಡುವುದು ಮೇಲು, ಉಪ್ಪು ಹುಳಿಯ ರಕ್ಷಣೆಯಾದರೂ ಇರುತ್ತದೆ. ಮಜ್ಜಿಗೆ ಇಂಗಿದ ಮೇಲೆ ಮೋಡ ಬಂದರೆ ಜಾಲರಿಯ ಮೇಲೆ ಹರಡಿ ಫ್ಯಾನಿನ ಕೆಳಗಿಡಿ. ಒಣಗಿದ ಮೆಣಸಿನ ತೊಟ್ಟು ಬಗ್ಗಿಸಿದರೆ ಪಟ್ಟನೆ ಮುರಿಯಬೇಕು, ಕೊನೆಗೆ ಒಣಗುವುದು ಅದೇ.

ಪ್ರಶ್ನೆ: ಉಪ್ಪುನೀರಿನ ನೆಲ್ಲಿಕಾಯಿ ಎರಡು ತಿಂಗಳಿಗೆ ಮೆತ್ತಗಾಗಿ ಲೋಳೆ ಬಂತು. ಲೀಟರಿಗೆ 100 ಗ್ರಾಂ ಉಪ್ಪು ಹಾಕಿದ್ದೆ. (ಶಿರಸಿ)

ಉತ್ತರ: ನೀರಿನ ಲೆಕ್ಕ ಸರಿ, ಕಾಯಿಯ ಲೆಕ್ಕ ಬಿಟ್ಟುಹೋಗಿದೆ. ಕಿಲೋ ನೆಲ್ಲಿಯಲ್ಲೇ ಮುಕ್ಕಾಲು ಲೀಟರಿಗಿಂತ ಹೆಚ್ಚು ನೀರಿದೆ. ಉಪ್ಪು ಅದಕ್ಕೂ ಹಂಚಿಹೋಗಿ ನಿಮ್ಮ ಉಪ್ಪುನೀರು ಅರ್ಧಕ್ಕೆ ಇಳಿಯಿತು. ಕಿಲೋ ಕಾಯಿ, ಲೀಟರ್ ನೀರು ಇದ್ದರೆ 200 ಗ್ರಾಂ ಹಾಕಿ. ನೀರು ಉಪ್ಪು ಕುದಿಸಿ ತಣಿಸಿ ಸುರಿದು, ಕಾಯಿ ತೇಲದಂತೆ ಮೇಲೆ ಚಿಕ್ಕ ಪಿಂಗಾಣಿ ತಟ್ಟೆ ಹೇರಿ. ಪೆಟ್ಟು ಬಿದ್ದ ಕಾಯಿಯನ್ನು ನೆಲ್ಲಿಚಟ್ಟಿಗೆ ತೆಗೆದಿಡಿ: ಹಬೆಯಲ್ಲಿ ಬೇಯಿಸಿ ಬೀಜ ತೆಗೆದು, ಕಿಲೋಗೆ 70 ಗ್ರಾಂ ಉಪ್ಪು, ಸ್ವಲ್ಪ ಮೆಣಸು, ಇಂಗು ಹಾಕಿ ರುಬ್ಬಿ, ತೆಳ್ಳನೆಯ ಬಿಲ್ಲೆ ತಟ್ಟಿ ಒಣಗಿಸಿ. ಕಪ್ಪಗಾದರೆ ಗಾಬರಿ ಬೇಡ, ಅದು ನೆಲ್ಲಿಯ ಒಗರಿನ ಗುಣ. ಕಬ್ಬಿಣದ ಪಾತ್ರೆ ಮುಟ್ಟಿದರೆ ಇನ್ನೂ ಕಪ್ಪು.

ಪ್ರಶ್ನೆ: ಗ್ಯಾಸ್ ಸಿಲಿಂಡರ್ ಎರಡು ತಿಂಗಳೂ ಬರುವುದಿಲ್ಲ. ಕಾಳು ಬೇಯಿಸುವುದಕ್ಕೇ ಅರ್ಧ ಖರ್ಚು. (ಹಾಸನ)

ಉತ್ತರ: ಬೇಯಲು ಬೇಕಾದದ್ದು ಕಾವು, ಕುದಿ ಬಂದ ಮೇಲೂ ಉರಿಸುವ ಗ್ಯಾಸಿನ ಬಹುಪಾಲು ಹಬೆಯಾಗಿ ಹೋಗುತ್ತದೆ. ಮರದ ಅಥವಾ ರಟ್ಟಿನ ಪೆಟ್ಟಿಗೆಯಲ್ಲಿ ತಳಕ್ಕೂ ಸುತ್ತಲೂ ನಾಲ್ಕು ಇಂಚು ದಪ್ಪ ಒಣಹುಲ್ಲು ಒತ್ತಿ ತುಂಬಿ, ಪಾತ್ರೆ ಬಿಗಿಯಾಗಿ ಕೂರುವಷ್ಟು ಗುಣಿ ಮಾಡಿ. ಮೇಲೆ ಹಾಕಲು ಹುಲ್ಲು ತುಂಬಿದ ದಿಂಬು ಬೇಕು. ನೆನೆದ ಬೇಳೆಯನ್ನು 10–15 ನಿಮಿಷ, ರಾತ್ರಿಯೆಲ್ಲ ನೆನೆದ ಅವರೆ, ಕಡಲೆಯನ್ನು 20 ನಿಮಿಷ ಚೆನ್ನಾಗಿ ಕುದಿಸಿ, ಮುಚ್ಚಳ ತೆಗೆಯದೆ ಪೆಟ್ಟಿಗೆಗೆ ಇಳಿಸಿ. ಬೇಳೆಗೆ ಒಂದೂವರೆ ಗಂಟೆ, ಕಾಳಿಗೆ ಮೂರು ನಾಲ್ಕು ಗಂಟೆ. ಒಣ ಅವರೆ, ರಾಜ್ಮಾ ಕಾಳನ್ನು ಕುದಿಸದೆ ಬರೀ ಬಿಸಿನೀರಿನಲ್ಲಿ ಇಟ್ಟು ಬೇಯಿಸಲು ಹೋಗಬೇಡಿ, ಅವುಗಳಲ್ಲಿರುವ ಹೊಟ್ಟೆ ಕೆಡಿಸುವ ಅಂಶ ಹೋಗುವುದು ಕುದಿಗೆ. ಪಾತ್ರೆ ಮುಕ್ಕಾಲಾದರೂ ತುಂಬಿರಲಿ. ದೊಡ್ಡ ಪಾತ್ರೆಯಲ್ಲಿ ಎರಡು ಮುಷ್ಟಿ ಕಾಳು ಇಟ್ಟರೆ ಬೇಗ ಆರಿ ಅರೆಬೆಂದು ಉಳಿಯುತ್ತದೆ. ತೆಗೆದಾಗ ಕೈ ಸುಡುವಷ್ಟು ಬಿಸಿ ಇಲ್ಲದಿದ್ದರೆ ಮತ್ತೆ ಕುದಿಸಿಯೇ ಉಣ್ಣಿ.

ಪ್ರಶ್ನೆ: ಉಪ್ಪಿನಕಾಯಿಗೆ ಕಲ್ಲುಪ್ಪೇ ಆಗಬೇಕೇ? ಕಪ್ಪಿನ ಅಳತೆಯಲ್ಲಿ ಹೇಳಬಾರದೇ? (ಮೂವರು ಕೇಳಿದ್ದಾರೆ)

ಉತ್ತರ: ಕೆಡದಂತೆ ಕಾಯುವ ಮಟ್ಟಿಗೆ ಎರಡೂ ಒಂದೇ. ಪುಡಿ ಉಪ್ಪಿನಲ್ಲಿ ಗಂಟು ಕಟ್ಟದಿರಲು ಸೇರಿಸಿದ ಪದಾರ್ಥದಿಂದ ಉಪ್ಪುನೀರು ಮಬ್ಬಾಗುತ್ತದೆ, ಅಷ್ಟೆ. ಕಲ್ಲುಪ್ಪಿನಲ್ಲಿ ಮಣ್ಣು, ತೇವ ಇರುತ್ತವೆ. ಬಾಣಲೆಯಲ್ಲಿ ಚಟಪಟ ನಿಲ್ಲುವವರೆಗೆ ಹುರಿದು, ಆರಿಸಿ, ಆಮೇಲೆ ತೂಗಿ. ಕಪ್ಪಿನಲ್ಲಿ ಹೇಳದಿರುವುದಕ್ಕೆ ಕಾರಣ, ಹರಳುಗಳ ನಡುವೆ ಜಾಗ ಉಳಿಯುವುದರಿಂದ ಒಂದು ಕಪ್ಪು ಕಲ್ಲುಪ್ಪು ಅಷ್ಟೇ ಕಪ್ಪು ಪುಡಿಗಿಂತ ಹಗುರ. ತಕ್ಕಡಿ ಇಲ್ಲದವರು ಕಿರಾಣಿ ಅಂಗಡಿಯಲ್ಲಿ 200 ಗ್ರಾಂ ತೂಗಿಸಿ, ಮನೆಯ ಒಂದು ಲೋಟಕ್ಕೆ ಸುರಿದು, ಮಟ್ಟಕ್ಕೆ ಗೆರೆ ಹಾಕಿಕೊಳ್ಳಿ. ಕಲ್ಲುಪ್ಪಿಗೆ ಬೇರೆ ಗೆರೆ, ಪುಡಿಗೆ ಬೇರೆ.